ಕತ್ತಲ ಕೋಣೆಯ ಕೆಂಪು ಚುನ್ನಿ

ಅಟೆಂಡರ್ ಮಾರಣ್ಣ ಡಾರ್ಕ್ ರೂಮಿನ ಬೀಗ ತೆಗೆದ. ಒಳಗೆ ಕಾಲಿಡಲಿಲ್ಲ. ಹೊಸ್ತಿಲಲ್ಲೇ ನಿಂತು ಕೂಗಿದ.

"ಮೇಡಂ! ಲ್ಯಾಂಪ್ ಉರಿಯಾಕತ್ತೈತಿ! ರಾತ್ರಿಪೂರಾ ಉರದಂಗೈತಿ!"

ಫಿಸಿಕ್ಸ್ ಉಪನ್ಯಾಸಕಿ ಭುವನಾ ಚಹಾ ಬಿಟ್ಟು ಓಡಿ ಬಂದಳು.

ಆದೋನಿಯ ಆ ಡಿಗ್ರಿ ಕಾಲೇಜಿನ ಡಾರ್ಕ್ ರೂಮಿಗೆ ಕಿಟಕಿಯಿಲ್ಲ. ಗೋಡೆಗೆಲ್ಲ ಕಪ್ಪು ಬಣ್ಣ. ಮೂಲೆಯಲ್ಲಿ ಸೋಡಿಯಂ ಲ್ಯಾಂಪು ಹಳದಿಯಾಗಿ ಉರಿಯುತ್ತಿತ್ತು. ಮೇಜಿನ ಮೇಲೆ ಗ್ರೇಟಿಂಗ್ ಬಿದ್ದಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿರುವ ಗಾಜು ಅದು. ಬೆಳಕನ್ನು ಬಿಡಿಸಿ ಬಣ್ಣಗಳಾಗಿ ತೋರಿಸುತ್ತದೆ. ಕಾಲೇಜಿಗೆಲ್ಲ ಅದೊಂದೇ. ಅದರ ಮೇಲೆ ಯಾರೋ ಚೂಪಾದ ವಸ್ತುವಿನಿಂದ ಗೀಚಿದ್ದರು. ಅಡ್ಡಡ್ಡ, ಉದ್ದುದ್ದ, ಸಿಟ್ಟು ತೀರುವವರೆಗೆ.

ಮರುದಿನವೇ ಫೈನಲ್ ಇಯರ್ ಪ್ರಾಕ್ಟಿಕಲ್ ಪರೀಕ್ಷೆ.

"ನಿನ್ನೆ ಕೊನೀಗೆ ಇಲ್ಲಿ ಯಾರಿದ್ರು ಮಾರಣ್ಣ?"

"ಉಮಾ ಇದ್ಲುರಿ. ಬಸ್ಸಿಗೆ ಹೊತ್ತಾತು ಅಂತ ಹೇಳಿ ಹೋದ್ಲು. ನಾ ಚಾ ಕುಡಿದು ಬಂದು ಬೀಗ ಹಾಕೀನಿ. ಬಾಗಿಲು ಮುಚ್ಚಿತ್ತು, ಒಳಗ ಹಣಿಕಿ ನೋಡ್ಲಿಲ್ರಿ."

ಉಮಾಮಹೇಶ್ವರಿ ದೇವನಕೊಂಡದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಕೂಲಿ ಮಾಡುವ ಹೊನ್ನೂರಪ್ಪನ ಮಗಳು. ಕ್ಲಾಸಿಗೇ ಚುರುಕು, ನಾಲಿಗೆಯೂ ಅಷ್ಟೇ ಚುರುಕು.

ಭುವನಾ ಗ್ರೇಟಿಂಗನ್ನು ಅಂಚು ಹಿಡಿದು ಎತ್ತಿದಳು. ಗಾಜಿನ ಮುಖದ ಒಂದು ಮೂಲೆಯಲ್ಲಿ ಹೆಬ್ಬೆಟ್ಟಿನ ಗುರುತು. ಬೆಳ್ಳಗೆ ಪುಡಿಪುಡಿಯಾಗಿತ್ತು.

* * *

ಪ್ರಿನ್ಸಿಪಾಲ್ ಗುರುಪಾದಯ್ಯ ಶಾಂತಿಪ್ರಿಯರು. ಶಾಂತಿಗಾಗಿ ಯಾರನ್ನು ಬೇಕಾದರೂ ಬಲಿ ಕೊಡುವಷ್ಟು ಶಾಂತಿಪ್ರಿಯರು. ಅವರ ಪಕ್ಕದ ಕುರ್ಚಿಯಲ್ಲಿ ಗಣಿತ ವಿಭಾಗದ ಮುಖ್ಯಸ್ಥ ರುದ್ರೇಶ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಎದುರಿಗೆ ಉಮಾ ನಿಂತಿದ್ದಳು.

"ನಾ ಕಣ್ಣಾರೆ ನೋಡೀನ್ರಿ," ಎಂದ ರುದ್ರೇಶ. "ನಿನ್ನೆ ಸಂಜಿಮುಂದ ಆ ಕಡೆ ಹೊಂಟಿದ್ದೆ. ಡಾರ್ಕ್ ರೂಮಿನ ಬಾಗಿಲು ಅರ್ಧ ತಗದಿತ್ತು. ಒಬ್ಬಾಕಿ ಬೆನ್ನು ಮಾಡಿ ನಿಂತು ಏನೋ ಕೆರಿಯಾಕತ್ತಿದ್ಲು. ಮಾರಿ ಕಾಣ್ಲಿಲ್ಲ. ಹೆಗಲ ಮ್ಯಾಲಿನ ಚುನ್ನಿ ಕಂಡ್ತು. ಕೆಂಪು ಚುನ್ನಿ."

ನಿನ್ನೆ ಉಮಾ ಹೊದ್ದದ್ದು ಕೆಂಪು ಚುನ್ನಿಯೇ. ಕಾಲೇಜೆಲ್ಲ ನೋಡಿತ್ತು.

"ವರಾಂಡದಾಗ ಲೈಟ್ ಇತ್ತೇನ್ರಿ ಸರ್?" ಭುವನಾ ಕೇಳಿದಳು.

"ಅದು ಕೆಟ್ಟು ಎಷ್ಟು ದಿನ ಆತಮ್ಮ! ಹೊತ್ತೂ ಮುಣುಗಿತ್ತು. ಒಳಗ ನಿಮ್ಮ ಹಳದಿ ದೀಪ ಒಂದೇ. ಅದರಾಗ ಸಾಫ್ ಕಂಡ್ತು."

ಹಳದಿ ದೀಪದ ಮಾತನ್ನು ಭುವನಾ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

"ರೀಡಿಂಗ್ ಬರ್ಲಿಲ್ಲ, ಸಿಟ್ಟಿಗೆ ಕೆರದಾಳ. ಈಕಿ ಸಿಟ್ಟು ಗೊತ್ತಿಲ್ಲೇನ್ರಿ?" ಎಂದ ರುದ್ರೇಶ.

ಗುರುಪಾದಯ್ಯ ಒಂದು ಬಿಳಿ ಹಾಳೆ ಮುಂದೆ ಸರಿಸಿದರು. "ನೋಡಮ್ಮಾ, ತಪ್ಪಾತು ಅಂತ ಬರದು ಕೊಡು. ನಾಳೆ ಪರೀಕ್ಷಾಕ್ಕ ಕೂಡ್ರಸ್ತೀನಿ. ಸಂಜಿ ಒಳಗ ಬರೀಲಿಲ್ಲಂದ್ರ ಕೂಡ್ರಸಂಗಿಲ್ಲ."

ಪ್ರಾಕ್ಟಿಕಲ್ ಹೋದರೆ ಡಿಗ್ರಿ ನಿಂತಿತು. ಈ ವರ್ಷದ ಎಂ.ಎಸ್ಸಿ. ಸೀಟೂ ಕೈಬಿಟ್ಟಿತು. ಉಮಾಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಳೆಯನ್ನು ಒಂದೇ ಬೆರಳಲ್ಲಿ ಹಿಂದಕ್ಕೆ ತಳ್ಳಿದಳು.

"ಮಾಡದ ತಪ್ಪಿಗೆ ನಾ ಬರಿಯಂಗಿಲ್ರಿ ಸರ್."

"ವರ್ಷ ಹೊಕ್ಕೈತವ್ವ."

"ಹೋಗ್ಲಿ ಬಿಡ್ರಿ. ಮುಂದಿನ ವರ್ಷ ಬಂದು ಕೂಡ್ರತೀನಿ. ಆವಾಗನೂ ಬರಿಯಂಗಿಲ್ಲ."

"ನೋಡಿದ್ರೇನ್ರಿ ಪೊಗರು?" ರುದ್ರೇಶ ನಕ್ಕ.

ಉಮಾಳ ಕಣ್ಣು ತುಂಬಿತ್ತು. ದನಿ ಮಾತ್ರ ಅಲುಗಲಿಲ್ಲ.

* * *

ಭುವನಾಳ ಮೊದಲ ಅನುಮಾನ ಶ್ರೀನು ಮೇಲೆ. ಪರೀಕ್ಷೆಯೆಂದರೆ ಚಳಿಜ್ವರ ಬರುವ ಹುಡುಗ. "ಗ್ರೇಟಿಂಗ್ ಒಡದ್ರ ಎಗ್ಜಾಮ್ ಮುಂದಕ್ಕ ಹೊಕ್ಕೈತೇನ್ರಿ ಮೇಡಂ?" ಎಂದು ಮೊನ್ನೆಯಷ್ಟೇ ಕೇಳಿದ್ದ.

ಶ್ರೀನು ಬಂದ. ನುಣ್ಣನೆ ಬೋಳು ತಲೆ.

"ನಿನ್ನೆ ಉರುಕುಂದಕ್ಕ ಹೋಗಿದ್ದೆರಿ ಮೇಡಂ. ಈರಣ್ಣಗ ಮುಡಿ ಕೊಟ್ಟು ಬಂದೆ. ಪಾಸಾಗಬೇಕಲ್ರಿ! ರಾತ್ರಿ ಅಲ್ಲೇ ಮಲಗಿದ್ವಿ, ನಮ್ಮವ್ವನ್ನ ಕೇಳ್ರಿ." ತಲೆಯೇ ಸಾಕ್ಷಿ ಹೇಳುತ್ತಿತ್ತು. ಭುವನಾ ಅವನನ್ನು ಕಳಿಸಿದಳು.

ಉಮಾ ವರಾಂಡದ ಕಟ್ಟೆಯ ಮೇಲೆ ಕೂತಿದ್ದಳು.

"ನಿನ್ನೆ ಯಾರ ಜೋಡಿನರ ಮಾತಿಗೆ ಮಾತು ಆಗಿತ್ತೇನು?"

"ರುದ್ರೇಶ ಸರ್ ಜೋಡಿ ಆತ್ರಿ. ಮುಂಜಾನಿ ಕ್ಲಾಸಿನಾಗ ಬೋರ್ಡ್ ಮ್ಯಾಲೆ ಲೆಕ್ಕ ಬಿಡಿಸಿದ್ರು. ಸಮೀಕರಣದ ಎರಡೂ ಕಡೆ 'ವೈ'ಲಿಂದ ಭಾಗಿಸಿಬಿಟ್ರು. 'ವೈ ಸೊನ್ನಿ ಇದ್ರ ಭಾಗಿಸಾಕ ಬರಂಗಿಲ್ರಿ ಸರ್, ಒಂದು ಉತ್ತರ ಕಳದು ಹೊಕ್ಕೈತಿ' ಅಂದೆ. ಎಲ್ಲಾರೂ ನಕ್ರು. 'ಕೂಲಿಯವನ ಮಗಳು ನನಗ ಲೆಕ್ಕ ಕಲಸ್ತಾಳ' ಅಂತ ಹೊರಗ ಹಾಕಿದ್ರು."

"ಲ್ಯಾಂಪ್ ಆರಿಸಿ ಹೋಗಿದ್ದೇನು?"

"ಏನ್ ಮೇಡಂ ಹಿಂಗ ಕೇಳ್ತೀರಿ? ಆರಿಸದ ಹೋದ್ರ ನೀವು ಬಿಡ್ತೀರೇನು? ಆರಿಸಿ, ಗ್ರೇಟಿಂಗ್ ಡಬ್ಬಿಯೊಳಗ ಇಟ್ಟೇ ಹೋಗೀನಿ."

ಭುವನಾ ಗಣಿತದ ಕೋಣೆಗೆ ನಡೆದಳು. ಫಿಸಿಕ್ಸ್, ಕೆಮಿಸ್ಟ್ರಿಗೆಲ್ಲ ಬಿಳಿ ಬೋರ್ಡು, ಮಾರ್ಕರ್ ಪೆನ್ನು ಬಂದು ಬಹಳ ಕಾಲವಾಗಿತ್ತು. ಚಾಕ್‌ಪೀಸ್ ಇಲ್ಲದೆ ಗಣಿತವಿಲ್ಲ ಎಂದು ಹಟ ಹಿಡಿದು ಕರಿಹಲಗೆ ಉಳಿಸಿಕೊಂಡವನು ರುದ್ರೇಶ ಒಬ್ಬನೇ. ನಿನ್ನೆಯ ಲೆಕ್ಕ ಇನ್ನೂ ಅಲ್ಲೇ ಇತ್ತು. ಭುವನಾ ಹಲಗೆಯ ಕೆಳಗಿನ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದಳು.

* * *

ಮಧ್ಯಾಹ್ನ ಎಲ್ಲರೂ ಡಾರ್ಕ್ ರೂಮಿನಲ್ಲಿ ಸೇರಿದರು. ಗುರುಪಾದಯ್ಯ ಬೆವರುತ್ತಿದ್ದರು. ರುದ್ರೇಶ ಗಣಿತದ ಇನ್ನೊಂದು ಕೋಣೆಯಲ್ಲಿ ಕ್ಲಾಸು ಮುಗಿಸಿ ನೇರ ಬಂದಿದ್ದ. ಉಮಾ ಒಂದು ಮೂಲೆಗೆ, ಬಾಗಿಲ ಹತ್ತಿರ ಮಾರಣ್ಣ ಮತ್ತು ಶ್ರೀನು.

"ರುದ್ರೇಶ್ ಸರ್, ಈ ಗ್ರೇಟಿಂಗ್ ಸ್ವಲ್ಪ ಹಿಡೀರಿ," ಎಂದು ಭುವನಾ ಅದೇ ಅಳತೆಯ ಬರೀ ಗಾಜನ್ನು ಕೊಟ್ಟಳು.

ರುದ್ರೇಶ ಗಾಜಿನ ಮುಖದ ಮೇಲೆ ಹೆಬ್ಬೆಟ್ಟು ಒತ್ತಿ ಹಿಡಿದ.

"ಅಯ್ಯೋ ಸರ್, ಅಂಚು ಹಿಡೀಬೇಕ್ರಿ!" ಶ್ರೀನು ತಡೆಯಲಾರದೆ ಚೀರಿದ. ಮುಡಿ ಕೊಟ್ಟು ಪಾಸಾಗಲು ಹೊರಟವನಿಗೂ ಅಷ್ಟು ಗೊತ್ತಿತ್ತು.

ಭುವನಾ ಬಾಗಿಲು ಮುಚ್ಚಿಸಿದಳು. ಹಳದಿ ದೀಪವೊಂದೇ ಉಳಿಯಿತು. ಎದುರಿನ ಹಗ್ಗದ ಮೇಲಿನ ಹೊದಿಕೆ ಸರಿಸಿದಳು. ಹುಡುಗಿಯರಿಂದ ಕೇಳಿ ತಂದಿದ್ದ ಮೂರು ಚುನ್ನಿಗಳು ಅಲ್ಲಿ ತೂಗುತ್ತಿದ್ದವು.

"ಒಂದು ಕೆಂಪು, ಒಂದು ಹಸಿರು, ಒಂದು ನೀಲಿ. ಕೆಂಪು ಯಾವುದು ಹೇಳ್ರಿ ಸರ್."

ರುದ್ರೇಶ ಕಣ್ಣು ಕಿರಿದು ಮಾಡಿದ. ಮೂರೂ ಸೀದ ರೊಟ್ಟಿಯ ಹಾಗೆ ಕಾಣುತ್ತಿದ್ದವು. ಬಹಳ ಹೊತ್ತು ನೋಡಿ ನಡುವಿನದನ್ನು ತೋರಿಸಿದ.

ಮಾರಣ್ಣ ಬಾಗಿಲು ತೆಗೆದ. ನಡುವಿನದು ಹಸಿರು.

"ಸೋಡಿಯಂ ದೀಪದಾಗ ಹಳದಿ ಬಿಟ್ರ ಬ್ಯಾರೆ ಬಣ್ಣ ಇಲ್ಲ," ಎಂದಳು ಭುವನಾ. "ಕೆಂಪು ಬೆಳಕು ಬಿದ್ರ ಮಾತ್ರ ಕೆಂಪು ಕಾಣತೈತಿ. ಈ ದೀಪದ ಕೆಳಗ ಕೆಂಪು ಚುನ್ನಿ ಯಾರಿಗೂ ಕಾಣಂಗಿಲ್ಲ. ನೀವು ಅದನ್ನ ಸಂಜಿಮುಂದ ಇಲ್ಲಿ ನೋಡಿಲ್ಲ ಸರ್. ಮುಂಜಾನಿ ನಿಮ್ಮ ಕ್ಲಾಸಿನಾಗ ನೋಡೀರಿ, ಆಕಿ ಎದ್ದು ನಿಂತಾಗ."

"ನಾನೂ ಬಿ.ಎಸ್ಸಿ. ಮಾಡೀನಮ್ಮ!"

"'ಪ್ರಾಕ್ಟಿಕಲ್ ಎಲ್ಲಾ ಪಕ್ಕದವನ ರೀಡಿಂಗ್ ನೋಡಿ ಬರಕೊಂಡೆ, ಲ್ಯಾಬಿಗೆ ಹೋಗಲೇ ಇಲ್ಲ' ಅಂತ ಸ್ಟಾಫ್ ರೂಮಿನಾಗ ಎಷ್ಟು ಸಲ ಹೇಳ್ಕೊಂಡು ನಕ್ಕೀರಿ! ಹೋಗಿದ್ರ ಈ ಸುಳ್ಳು ಹೇಳ್ತಿದ್ದಿಲ್ಲ."

ಅವನ ಕೈಯಿಂದ ಗಾಜು ತೆಗೆದು ಬೆಳಕಿಗೆ ಹಿಡಿದಳು. ಬಿಳಿ ಹೆಬ್ಬೆಟ್ಟು ಎದ್ದು ಕಂಡಿತು. ಪಕ್ಕದಲ್ಲಿ ಗೀಚಿದ ಗ್ರೇಟಿಂಗ್ ಇಟ್ಟಳು. ಅಲ್ಲೂ ಅದೇ, ಅದೇ ಮೂಲೆಯಲ್ಲಿ.

"ಚಾಕ್‌ಪೀಸ್ ಪುಡಿ. ನಮ್ಮ ಹುಡುಗರು ಮೊದಲ ದಿನ ಕಲಿಯೋದೇ ಅಂಚು ಹಿಡಿಯೋದು. ಉಮಾ ಬಸ್ಸಿಗೆ ಹೋದ್ಲು, ಮಾರಣ್ಣ ಚಾ ಕುಡಿಯಾಕ ಹೋದ. ನೀವು ಒಳಗ ಬಂದ್ರಿ, ದೀಪ ಹಚ್ಚಿದ್ರಿ, ಕೆರದ್ರಿ. ಮಾರಣ್ಣ ಬರೋ ಸಪ್ಪಳ ಕೇಳಿ ದೀಪ ಆರಿಸದ ಓಡಿದ್ರಿ."

ರುದ್ರೇಶನ ಮುಖ ಬಿಳಿಚಿತು. ಆಮೇಲೆ ಸಿಟ್ಟು ಉಕ್ಕಿತು. "ಇಡೀ ಕ್ಲಾಸಿನ ಮುಂದ ನನ್ನ ಮಾನ ತಗದ್ಲು! ನಿನ್ನೆ ಮೊನ್ನೆ ಬಂದ ಹುಡುಗಿ!"

"ನಿಮ್ಮ ಮಾನ ನಾ ತಗೀಲಿಲ್ರಿ ಸರ್," ಎಂದಳು ಉಮಾ. "ಲೆಕ್ಕ ತಪ್ಪಿತ್ತು."

* * *

ಗುರುಪಾದಯ್ಯ ಮತ್ತೆ ಅದೇ ಬಿಳಿ ಹಾಳೆ ತಂದರು.

"ಇದು ನಾಕು ಗ್ವಾಡಿ ಒಳಗೇ ಇರ್ಲವ್ವ. ಕಾಲೇಜಿನ ಹೆಸರು ಐತಿ. ನನ್ನ ದೂರು ಏನಿಲ್ಲ ಅಂತ ಒಂದು ಸಾಲು ಬರಿ."

"ಮುಂಜಾನಿ ಬರೀಲಿಲ್ಲ. ಈಗನೂ ಬರಿಯಂಗಿಲ್ರಿ."

"ನಾ ಬರೀತೀನಿ," ಭುವನಾ ಹಾಳೆ ಎಳೆದುಕೊಂಡಳು. "ದೂರು ಬರೀತೀನಿ. ಎಮ್ಮಿಗನೂರಿನ ಕಾಲೇಜಿಂದ ಗ್ರೇಟಿಂಗ್ ಸಂಜಿಗೆ ಬರತೈತಿ. ನಾಳೆ ಉಮಾ ಪರೀಕ್ಷಾಕ್ಕ ಕೂಡ್ರತಾಳ. ಏನಂತೀರಿ ಸರ್?"

ಗುರುಪಾದಯ್ಯ ತಲೆಯಾಡಿಸಿದರು. ಶಾಂತಿ ಈಗ ಆ ಕಡೆಗಿತ್ತು.

ಉಮಾ ಅಲ್ಲಿ ನಿಲ್ಲಲಿಲ್ಲ. ನೇರ ಗಣಿತದ ಕೋಣೆಗೆ ಹೋದಳು. ಹಿಂದೆಯೇ ಶ್ರೀನು. ಚಾಕ್‌ಪೀಸ್ ತೆಗೆದುಕೊಂಡು ನಿನ್ನೆಯ ಲೆಕ್ಕದ ಕೆಳಗೆ, ಕಳೆದುಹೋಗಿದ್ದ ಉತ್ತರವನ್ನು ದಪ್ಪಗೆ ಬರೆದಳು: ವೈ ಸಮ ಸೊನ್ನೆ.

ಶ್ರೀನು ಡಸ್ಟರ್ ಎತ್ತಿಕೊಂಡು ರುದ್ರೇಶನ ಸಾಲುಗಳ ಕಡೆ ಕೈ ಚಾಚಿದ.

"ಅಳಸಬ್ಯಾಡ," ಎಂದಳು ಉಮಾ. "ಎರಡೂ ಇರ್ಲಿ. ನಾಳೆ ಎಲ್ಲಾರೂ ನೋಡ್ಲಿ."