ಬೇಲಿಯಲ್ಲೊಂದು ಕಾಜಾ

ಚಳಿ ಕಾಲ್ತೆಗೆದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಬೇಲಿ ಸವರುವುದಕ್ಕೆ ಅದೇ ಹದವಾದ ಕಾಲ. ಹಾಲಿನವನ ಸೈಕಲ್ಲು ಬೀದಿ ದಾಟಿ ಸ್ವಲ್ಪ ಹೊತ್ತಾಗಿತ್ತು. ಎಲೆಗಳ ಮೇಲಿನ ಇಬ್ಬನಿ ಆರಿರಲಿಲ್ಲ. ಹಿತ್ತಲಿನ ಬೇಲಿಯ ಮುಂದೆ ನಾನು ಉದ್ದ ಹಿಡಿಯ ಕತ್ತರಿ ಹಿಡಿದು ನಿಂತಿದ್ದೆ.

ಬೇಲಿ ನನಗಿಂತ ಒಂದು ಗೇಣು ಎತ್ತರ. ಆಚೆಗೆ ಬಾಡಿಗೆ ಮನೆ. ಅಲ್ಲಿಗೆ ಯಾರೋ ಹೊಸಬರು ಬಂದಿದ್ದಾರೆಂದು ಕೇಳಿದ್ದೆ, ನೋಡಿರಲಿಲ್ಲ. ನಾನು ಕಚಕ್ ಎಂದು ಕತ್ತರಿ ಆಡಿಸಿದರೆ ಆಚೆಯಿಂದಲೂ ಕಚಕ್. ನಾನು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಬೇಕೆಂದೇ ಎರಡು ಸಲ ಬೇಗ ಬೇಗ ಆಡಿಸಿದೆ. ಆಚೆಯಿಂದಲೂ ಎರಡು ಸಲ, ಬೇಗ ಬೇಗ.

"ಯಾರಪ್ಪಾ ಅದು? ಮಾಲಿನಾ?" ಎಂದು ಕೂಗಿದೆ.

"ಹಾಗೇ ಅನ್ಕೊಳ್ಳಿ," ಎಂದಿತು ಒಂದು ಗಂಡು ದನಿ.

"ಅನ್ಕೊಳ್ಳೋದೇನು ಬಂತು? ನೋಡು, ಮೇಲಿನ ಚಿಗುರು ಮಾತ್ರ ತೆಗಿ. ಒಳಗಿನ ಮುದಿ ಕಡ್ಡಿಗೆ ಕತ್ತರಿ ಹಾಕಿದ್ರೆ ಮತ್ತೆ ಚಿಗುರಲ್ಲ. ಕೇಳಿಸ್ತಾ?"

"ಕೇಳಿಸ್ತು. ಸ್ವಲ್ಪ ತಡವಾಗಿ ಕೇಳಿಸ್ತು."

ಆ ಮಾತಿನ ಜೊತೆಗೇ ಒಂದು ಸೊಪ್ಪಿನ ಮುದ್ದೆ ನನ್ನ ಕಾಲ ಬಳಿ ಬಿತ್ತು. ಬೇಲಿಯಲ್ಲಿ ದುಂಡಗೆ ಒಂದು ತೂತು. ಆ ತೂತಿನಲ್ಲಿ ಮೂಗಿನ ತುದಿಗೆ ಜಾರಿದ ಕನ್ನಡಕ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲು, ಕೊರಳಲ್ಲಿ ಅಳತೆಯ ಟೇಪು. ಮಾಲಿಯಲ್ಲ, ಟೈಲರು.

"ಅಯ್ಯೋ, ನನ್ನ ಬೇಲಿಗೆ ಕಾಜಾ ಮಾಡಿಟ್ರಲ್ಲ!" ಎಂದೆ. ನೀನು ಹೋಗಿ ನೀವು ಬಂದದ್ದು ನನಗೆ ಗೊತ್ತೇ ಆಗಲಿಲ್ಲ.

"ಕಾಜಾ ಮಾಡೋದು ನನ್ನ ಕಸುಬು ಮೇಡಂ," ಎಂದರು ಅವರು, ಕನ್ನಡಕವನ್ನು ಬೆರಳಲ್ಲಿ ಮೇಲೆ ತಳ್ಳುತ್ತಾ. "ಗುಂಡಿ ಮಾತ್ರ ಆ ಕಡೆಯಿಂದ ಬರಬೇಕು."

ಕೋಪ ಬಂತು, ನಗುವೂ ಬಂತು. ಕೋಪವನ್ನು ಮುಖಕ್ಕೆ ತಂದುಕೊಂಡೆ, ನಗುವನ್ನು ಕತ್ತರಿಯ ಹಿಂದೆ ಬಚ್ಚಿಟ್ಟೆ.

ಆಗ ನನಗೆ ಐವತ್ತು ದಾಟಿತ್ತು. ಅಮ್ಮ ತೀರಿಕೊಂಡಾಗ ತಮ್ಮ ಇನ್ನೂ ತೊದಲು ಮಾತಾಡುತ್ತಿದ್ದ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅಡಿಗೆ ಮಾಡಿದೆ, ಹಿತ್ತಲು ಅಗೆದೆ. ನನ್ನ ಮದುವೆಯ ಮಾತು ಬಂದಾಗಲೆಲ್ಲ "ಮುಂದಿನ ವರ್ಷ ನೋಡೋಣ" ಎನ್ನುತ್ತಿದ್ದರು ಅಪ್ಪ. ಆ ಮುಂದಿನ ವರ್ಷ ನಮ್ಮ ಬೀದಿಗೆ ಎಂದೂ ಬಾರದ ಬಸ್ಸು. ತಮ್ಮ ಬೆಳೆದ, ಆಫೀಸು ಸೇರಿದ, ಮದುವೆಯಾದ. ಅಡಿಗೆಮನೆ ಅವನ ಹೆಂಡತಿಯ ಪಾಲಾಯಿತು. ಹಿತ್ತಲು ನನಗುಳಿಯಿತು. ಅಲ್ಲಿ ಮಾತ್ರ ನನ್ನದೇ ಸರ್ಕಾರ.

ಬಿತ್ತನೆಯ ದಿನಗಳು ಬಂದವು. ನಾನು ಬೀನ್ಸ್ ಬೀಜ ಊರುತ್ತಿದ್ದರೆ ಆಚೆ ಟೈಲರು ಟೇಪು ಹಾಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದರು.

"ಬೀಜ ಹಾಕೋಕೆ ಟೇಪು ಯಾಕ್ರೀ?"

"ಅಳತೆ ಇಲ್ದೆ ಕೈ ಓಡಲ್ಲ."

"ಗಿಡ ಏನು ಅಂಗಿನಾ?"

"ಅಂಗಿಗಿಂತ ಕಷ್ಟ. ಅಂಗಿ ಹೊಲಿದ ಮೇಲೆ ಬೆಳೆಯಲ್ಲ."

ಮದುವೆಯಾಗಿಲ್ಲವೇ ಎಂದು ಕೇಳಿದ್ದು ನಾನೇ. ಮೊದಲಿಂದಲೂ ನಾನು ಕೇಳುವವಳು, ಕಾಯುವವಳಲ್ಲ. ಕಾದದ್ದು ಅಪ್ಪನ ಮಾತಿಗೆ, ನನ್ನ ಇಷ್ಟಕ್ಕಲ್ಲ.

"ಊರಿನವರ ಮದುವೆ ಬಟ್ಟೆಯೆಲ್ಲ ನಾನೇ ಹೊಲಿದೆ," ಎಂದರು ಟೈಲರು. "ನನ್ನ ಅಳತೆ ತೊಗೊಳ್ಳೋರು ಯಾರೂ ಸಿಗಲಿಲ್ಲ."

ಬೇಸಗೆಯಲ್ಲಿ ಅವರ ನಲ್ಲಿ ಬತ್ತಿತು. ನನ್ನ ನೀರಿನ ಪೈಪನ್ನು ಆ ತೂತಿನಲ್ಲೇ ತೂರಿಸಿ ಕೊಟ್ಟೆ. ಹೊತ್ತು ಇಳಿದ ಮೇಲೆ ನೀರು ಬಿಡಬೇಕು, ಬುಡಕ್ಕೆ ಒಣ ಎಲೆ ಹೊದಿಸಬೇಕು, ಎಲೆಯ ಮೇಲೆ ನೀರು ಚೆಲ್ಲಬಾರದು ಎಂದು ನಾನು ಹೇಳುತ್ತಾ ಹೋದರೆ ಅವರು ಹ್ಞೂಂ ಹ್ಞೂಂ ಎನ್ನುತ್ತಾ ನನ್ನ ಕೈಯನ್ನೇ ನೋಡುತ್ತಿದ್ದರು. ಮಣಿಕಟ್ಟಿನವರೆಗೆ ಕೆಸರು ಮೆತ್ತಿದ ಕೈ. ಅದನ್ನು ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಿತು. ಎಳೆದುಕೊಳ್ಳಲಿಲ್ಲ.

"ಟೈಲರೇ, ನೀರು ನಿಮ್ಮ ಚಪ್ಪಲಿಗೆ ಹೋಗ್ತಿದೆ."

"ಹೋಗ್ಲಿ ಬಿಡಿ. ಅದೂ ಬೆಳೀಲಿ."

ಒಂದು ಸಂಜೆ ತೂತಿನಿಂದ ಪೈಪಿನ ಬದಲು ಒಂದು ಬಟ್ಟೆಯ ಗಂಟು ಈಚೆ ಬಂತು. ಬಿಚ್ಚಿದರೆ ಏಪ್ರನ್. ಕತ್ತರಿಗೊಂದು ಜೇಬು, ಬೀಜಕ್ಕೊಂದು, ಹುರಿಗೊಂದು. ಹಾಕಿಕೊಂಡು ನೋಡಿದೆ. ಎಡಗಡೆಯ ಪಟ್ಟಿ ಬಲಗಡೆಯದಕ್ಕಿಂತ ಚೂರು ಗಿಡ್ಡ.

"ಕಸುಬುದಾರರು ನೀವು. ಪಟ್ಟಿ ಒಂದೇ ಸಮ ಇಲ್ವಲ್ರೀ?"

"ಸಮ ಮಾಡಿದ್ರೆ ಎಡಗಡೆ ಜಾರುತ್ತೆ. ನಿಮ್ಮ ಎಡಭುಜ ಸ್ವಲ್ಪ ಇಳಿದಿದೆ. ನೀರಿನ ಕ್ಯಾನು ಯಾವಾಗ್ಲೂ ಆ ಕೈಲೇ ಹೊರ್ತೀರ."

"ನನ್ನ ಅಳತೆ ಯಾವಾಗ ತೊಗೊಂಡ್ರಿ?"

"ದಿನಾ ಬೆಳಗ್ಗೆ, ದಿನಾ ಸಂಜೆ," ಎಂದರು. ಆಮೇಲೆ ಕಣ್ಣು ತಗ್ಗಿಸಿ ಟೇಪಿನ ತುದಿಯನ್ನು ಸುತ್ತತೊಡಗಿದರು.

ಇಷ್ಟು ವರ್ಷ ನಾನು ಆ ಮನೆಯಲ್ಲಿ ಓಡಾಡಿದ್ದೆ. ನನ್ನ ಭುಜ ಇಳಿದದ್ದು ಮನೆಯವರಿಗಿರಲಿ, ನನಗೇ ಗೊತ್ತಿರಲಿಲ್ಲ.

ಏಪ್ರನ್ ಬಿಚ್ಚಲಿಲ್ಲ. ಹಾಗೇ ಮುಂಬಾಗಿಲಿಗೆ ಹೋಗಿ ಬೀದಿ ಕಡೆಯ ಹೂವಿನ ಗಿಡಗಳಿಗೆ ನೀರು ಬಿಟ್ಟೆ, ಅವತ್ತು ಬೇಡದಿದ್ದ ಗಿಡಗಳಿಗೂ. ಎದುರು ಮನೆಯ ನರ್ಸಮ್ಮ ಗೇಟಿಗೆ ಮೊಣಕೈ ಊರಿ ನಿಂತಿದ್ದಳು.

"ಏನಕ್ಕಾ, ಹೊಸಾದು? ಯಾವ ಅಂಗಡೀದು?"

"ಅಂಗಡೀಲಿ ಸಿಗಲ್ಲಮ್ಮಾ."

"ಹೌದೌದು, ಕೆಲವು ಮಾಲು ಪಕ್ಕದ ಮನೇಲೇ ಸಿಗೋದು," ಎಂದು ನಕ್ಕಳು.

ಮಳೆ ಹಿಡಿಯಿತು. ಕಳೆ ಕೀಳುವ ಕೆಲಸ, ಕಾಲುವೆ ಬಿಡಿಸುವ ಕೆಲಸ, ಬೀನ್ಸ್ ಬಳ್ಳಿಗೆ ಕೋಲು ಕೊಟ್ಟು ಕಟ್ಟುವ ಕೆಲಸ. ಟೈಲರು ತಲೆಯ ಮೇಲೆ ಪ್ಲಾಸ್ಟಿಕ್ ಹೊದ್ದುಕೊಂಡು ಆಚೆ ನಿಂತಿದ್ದರು.

"ಗಂಟು ಸಡಿಲ ಬಿಡ್ತೀರಲ್ಲ, ಬಿಚ್ಕೊಳ್ಳಲ್ವಾ?"

"ಬಿಗಿದ್ರೆ ಬಳ್ಳಿ ಬೆಳೆಯೋದು ಹೇಗೆ? ಕೋಲು ಇದೆ ಅಂತ ಗೊತ್ತಾದ್ರೆ ಸಾಕು ಅದಕ್ಕೆ. ಉಳಿದದ್ದು ಅದೇ ಸುತ್ಕೊಳ್ಳುತ್ತೆ."

ಮಳೆ ಪ್ಲಾಸ್ಟಿಕ್ಕಿನ ಮೇಲೆ ಟಪಟಪ ಎನ್ನುತ್ತಿತ್ತು. ಅವರು ಬೇಲಿಯ ತೂತಿಗೆ ಮುಖ ತಂದು ಹೇಳಿದರು: "ನನಗೂ ಅಂಥದ್ದೇ ಒಂದು ಗಂಟು ಹಾಕಿ. ಈ ವಯಸ್ಸಲ್ಲಿ ಬಿಗಿ ತಡೆಯಲ್ಲ. ಆದ್ರೆ ಕೋಲಿಲ್ದೆ ನಿಲ್ಲೋಕೂ ಆಗ್ತಿಲ್ಲ."

ನನ್ನ ಕೈಯಲ್ಲಿದ್ದ ಹುರಿ ಒದ್ದೆಯಾಗಿತ್ತು. ಯೋಚಿಸಿ ಹೇಳುತ್ತೇನೆ ಎನ್ನಬಹುದಿತ್ತು. ಯೋಚಿಸುವುದಕ್ಕೆ ಏನುಳಿದಿತ್ತು?

"ಹಾಕ್ತೀನಿ," ಎಂದೆ.

ಅವತ್ತು ಕಿಟಕಿಯಲ್ಲಿ ತಮ್ಮ ನಿಂತಿದ್ದ. ನಾನು ಒಳಗೆ ಬಂದು ಕಾಲು ಒರೆಸಿಕೊಳ್ಳುವ ಮೊದಲೇ ಶುರುವಾಯಿತು.

"ಅಕ್ಕಾ, ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ ಅಲ್ವಾ?"

"ಮೇಯಲಿ ಬಿಡೋ. ಪಾಪ, ಇಷ್ಟು ವರ್ಷ ಹಸಿದು ನಿಂತಿತ್ತು."

"ತಮಾಷೆ ಮಾಡ್ಬೇಡ. ನಾಲ್ಕು ಜನ ಏನಂತಾರೆ?"

"ಆ ನಾಲ್ಕು ಜನ ಯಾರು ಹೇಳು, ನಾನೇ ಹೋಗಿ ಹೇಳಿ ಬರ್ತೀನಿ."

ಅವನ ಹೆಂಡತಿ ಪಾತ್ರೆ ಒರೆಸುತ್ತಾ ನಿಂತಿದ್ದಳು. ಅವಳು ನನ್ನ ವಿಷಯದಲ್ಲಿ ಬಾಯಿ ಬಿಟ್ಟದ್ದೇ ಕಡಿಮೆ.

"ಈ ಸಲ ಬೇಲಿ ಕತ್ತರಿಸೋದು ಬೇಡ," ಎಂದ ತಮ್ಮ. "ಬೆಳೀಲಿ. ಆ ತೂತು ಮುಚ್ಚಲಿ. ನಾನು ಹೇಳಿದ್ದು ಕೇಳಿಸ್ತಾ?"

ಕೇಳಿಸಿತು. ಮಾರನೆಯ ಬೆಳಗ್ಗೆ ಮಳೆ ನಿಂತು ಹೊಳವಾಗಿತ್ತು. ಕತ್ತರಿಯನ್ನು ಸಾಣೆ ಕಲ್ಲಿಗೆ ಉಜ್ಜಿ ಬೇಲಿಯ ನೆತ್ತಿಗೆ ಹಾಕಿದೆ. ಕಚಕ್. ಸ್ವಲ್ಪ ಹೊತ್ತಿಗೆ ಆಚೆಯಿಂದಲೂ ಕಚಕ್. ಸಂಜೆಗೆ ಬೇಲಿ ಎದೆಯ ಮಟ್ಟಕ್ಕೆ ಇಳಿದಿತ್ತು. ಮೊದಲ ಸಲ ಅವರ ಇಡೀ ಮುಖ ನೋಡಿದೆ, ಕೊರಳು ನೋಡಿದೆ, ಬೆವರಿಗೆ ಮೈಗಂಟಿದ ಅಂಗಿ ನೋಡಿದೆ. ಊರಿಗೆಲ್ಲ ಬಟ್ಟೆ ಹೊಲಿಯುವ ಮನುಷ್ಯನ ಅಂಗಿಗೆ ಮೇಲಿನ ಗುಂಡಿಯೇ ಇರಲಿಲ್ಲ.

"ಏನ್ ನೋಡ್ತಿದೀರ?" ಎಂದರು.

"ಅಳತೆ ತೊಗೊಳ್ತಿದೀನಿ," ಎಂದೆ. ಟೈಲರ ಕಿವಿ ಕೆಂಪಾಯಿತು.

ನನ್ನನ್ನು ಬಗ್ಗಿಸಲಾಗದೆ ತಮ್ಮ ಇನ್ನೊಂದು ದಾರಿ ಹಿಡಿದ. ಬಾಡಿಗೆ ಮನೆಯ ಮಾಲೀಕ ಅವನ ಆಫೀಸಿನ ಸ್ನೇಹಿತ. ಎಲೆ ಉದುರುವ ಕಾಲಕ್ಕೆ ಟೈಲರಿಗೆ ಮನೆ ಖಾಲಿ ಮಾಡಿ ಎಂಬ ಮಾತು ಬಂತು. ನಾನು ಹಿತ್ತಲಲ್ಲಿ ಎಲೆ ಗುಡಿಸಿ ಗೊಬ್ಬರದ ಗುಂಡಿಗೆ ತುಂಬುತ್ತಿದ್ದಾಗ ಅವರು ಬಂದು ಬೇಲಿಗೆ ಕೈಯಿಟ್ಟು ನಿಂತರು.

"ಬಸ್ ಸ್ಟ್ಯಾಂಡ್ ಹತ್ರ ಅಂಗಡಿ ಸಿಕ್ಕಿದೆ. ಮೇಲ್ಗಡೆ ಎರಡು ರೂಮು. ನಿಮ್ಮನ್ನ ಅಲ್ಲಿಗೆ ಕರೀಬೇಕು ಅಂತಿದ್ದೆ. ನೋಡ್ಕೊಂಡು ಬಂದ ಮೇಲೆ ಬಾಯಿ ಬರ್ತಿಲ್ಲ."

"ಯಾಕೆ? ರೂಮಿಗೆ ಬಾಗಿಲಿಲ್ವಾ?"

"ಮಣ್ಣಿಲ್ಲ. ಒಂದು ಹಿಡಿ ಮಣ್ಣಿಲ್ಲ. ಬಾಲ್ಕನಿ ಕೂಡ ಇಲ್ಲ. ಕಿಟಕಿ ತೆಗೆದ್ರೆ ಬಸ್ಸಿನ ಹೊಗೆ. ನೀವು ಇದನ್ನೆಲ್ಲ ಬಿಟ್ಟು..."

ಸುತ್ತ ನೋಡಿದೆ. ಬೀನ್ಸ್ ಚಪ್ಪರ ಒಣಗಿ ನಿಂತಿತ್ತು. ಗುಲಾಬಿಯಲ್ಲಿ ಕೊನೆಯ ಒಂದು ಹೂವಿತ್ತು. ಅಲ್ಲಿಯ ಒಂದೊಂದು ಪಾತಿಯೂ ನನ್ನ ಗುದ್ದಲಿಯ ಏಟು ತಿಂದದ್ದು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದೆ, ಮತ್ತೆ ಪಾತಿಗೇ ಹಾಕಿದೆ.

"ನಾನೇನು ಮಣ್ಣನ್ನ ಮದುವೆ ಆಗ್ತಿದೀನಾ?" ಎಂದೆ. "ಸಾಮಾನು ಕಟ್ಟಿ."

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ವಿಷಯ ಹೇಳಿದೆ. ತಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಅಳುತ್ತಾನೆ ಎಂದುಕೊಂಡೆ. ಚಿಕ್ಕವನಿದ್ದಾಗ ನಾನು ಬಾವಿಗೆ ಹೋದರೂ ಅಳುತ್ತಿದ್ದ. ಅವನು ಒಂದು ಮಾತು, ಹೋಗಬೇಡ ಅಕ್ಕಾ, ನೀನಿಲ್ಲದೆ ಆಗಲ್ಲ ಎಂದಿದ್ದರೆ ನನ್ನ ಕಾಲು ಎಡವುತ್ತಿತ್ತೋ ಏನೋ.

"ನೀನು ಹೋದ್ರೆ ಹಿತ್ತಲು ಯಾರು ನೋಡ್ತಾರೆ?" ಎಂದ.

ಅಲ್ಲಿಗೆ ನನ್ನ ಕಾಲು ಗಟ್ಟಿಯಾಯಿತು.

"ನಾನು ನೋಡ್ತೀನಿ." ಅಂದದ್ದು ಅವನ ಹೆಂಡತಿ. ಇಬ್ಬರೂ ಅವಳ ಕಡೆ ತಿರುಗಿದೆವು. ಅವಳ ಮುಖ ಕೆಂಪೇರಿತ್ತು. "ಈ ಮನೆಗೆ ಬಂದಾಗಿನಿಂದ ಒಂದು ಗಿಡ ಮುಟ್ಟೋಕೆ ಬಿಟ್ಟಿದೀರಾ ಅಕ್ಕಾ? ಕೊತ್ತಂಬರಿ ಬೇಕಾದ್ರೂ ನಿಮ್ಮನ್ನ ಕೇಳ್ಬೇಕು. ನಮ್ಮಮ್ಮನ ಮನೇಲಿ ನಾನೂ ಹೂವು ಬೆಳೆಸಿದೋಳೇ. ಹೋಗಿ, ಚೆನ್ನಾಗಿರಿ. ಹಿತ್ತಲು ನನಗೆ ಬಿಡಿ."

ನನಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಅವಳೂ ನಕ್ಕಳು. ತಮ್ಮ ಒಬ್ಬನೇ ನಗಲಿಲ್ಲ.

"ಹೋಗೋದಾದ್ರೆ ಬೆಳಕು ಹರಿಯೋಕೆ ಮುಂಚೆ ಹೋಗು. ಯಾರೂ ನೋಡದ ಹಾಗೆ," ಎಂದ.

"ಯಾಕೋ? ಏನು ಕದ್ಕೊಂಡು ಹೋಗ್ತಿದೀನಿ?"

ನೋಟೀಸು ಕೊಟ್ಟು ತಿಂಗಳು ಕಳೆದ ಮೇಲೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿದೆವು. ನರ್ಸಮ್ಮ ಡ್ಯೂಟಿ ಬದಲಾಯಿಸಿಕೊಂಡು ಬಂದು ಸಾಕ್ಷಿಯಾದಳು. ಟೈಲರು ಸಹಿಯ ಗೆರೆಯನ್ನು ಮೊದಲು ಪೆನ್ನಿನಲ್ಲಿ ಅಳೆದು ನೋಡಿದರು. ಮೇಜಿನ ಕೆಳಗೆ ಅವರ ಇನ್ನೊಂದು ಕೈಯನ್ನು ನಾನು ಹಿಡಿದುಕೊಂಡೆ. ಹಿಡಿದದ್ದು ಅದೇ ಮೊದಲು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು, ಮಣ್ಣು ಅಗೆದು ಒರಟಾದ ಬೆರಳು. ಒಂದಕ್ಕೊಂದು ನಾಚುವಂಥದ್ದು ಏನೂ ಇರಲಿಲ್ಲ.

ಹೊರಡುವುದಕ್ಕೆ ನಾನು ಆರಿಸಿದ್ದು ಇಡೀ ಬೀದಿ ಬೀದಿಯಲ್ಲೇ ಇರುವ ಹೊತ್ತು. ಒಬ್ಬರು ಸ್ಕೂಟರ್ ತೊಳೆಯುತ್ತಿದ್ದರು, ಒಬ್ಬರು ಗೇಟಿಗೆ ಬಣ್ಣ ಬಳಿಯುತ್ತಿದ್ದರು, ಮೂಲೆ ಮನೆಯವರು ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಬಿಸಿಲು ನೆತ್ತಿಗೇರುತ್ತಿತ್ತು. ಟೈಲರು ಆಟೋ ತಂದು ನಿಲ್ಲಿಸಿ, ಕೂದಲು ಬಾಚಿಕೊಂಡು, ಒಳಗೆ ಕೂರದೆ ಹೊರಗೇ ನಿಂತಿದ್ದರು. ನಾನು ಒಂದು ಪೆಟ್ಟಿಗೆ ಹಿಡಿದು ಮುಂಬಾಗಿಲಿಂದ ಬಂದೆ. ಒಂದು ಸಸಿ ತರಲಿಲ್ಲ, ಒಂದು ಬೀಜ ತರಲಿಲ್ಲ.

ನರ್ಸಮ್ಮನಿಗೆ ಎಲ್ಲವೂ ಗೊತ್ತಿತ್ತು. ಆದರೂ ಬೀದಿಗೆಲ್ಲ ಕೇಳಲೆಂದು ಗೇಟಿನಿಂದ ಕೂಗಿದಳು: "ಎಲ್ಲಿಗಕ್ಕಾ ಪಯಣ?"

"ಗಂಡನ ಮನೆಗೆ!" ಎಂದೆ, ಅವಳಿಗಿಂತ ಜೋರಾಗಿ.

ಸ್ಕೂಟರ್ ತೊಳೆಯುತ್ತಿದ್ದವರ ಕೈಯ ಪೈಪು ಅವರ ಮೇಲೇ ತಿರುಗಿತು. ಮೂಲೆ ಮನೆಯ ಪೇಪರ್ ಕೆಳಗಿಳಿಯಿತು. ತಮ್ಮ ಬಾಗಿಲಿಗೆ ಬರಲಿಲ್ಲ. ಹಿತ್ತಲಿನಿಂದ ಅವನ ಹೆಂಡತಿ ಕೈಯೆಲ್ಲ ಮಣ್ಣು ಮಾಡಿಕೊಂಡು ಓಡಿ ಬಂದಳು.

"ಅಕ್ಕಾ, ಅಕ್ಕಾ! ಗುಲಾಬಿ ಯಾವಾಗ ಕತ್ತರಿಸ್ಬೇಕು? ಈಗ್ಲಾ, ಚಳಿ ಹೋದ ಮೇಲಾ?"

"ತಪ್ಪು ಮಾಡಿ ಕಲಿ ತಾಯೀ," ಎಂದು ಆಟೋದಿಂದಲೇ ಹೇಳಿದೆ. ಪಕ್ಕದಲ್ಲಿ ಟೈಲರು ನನಗೆ ಜಾಗ ಸಾಲಲಿ ಎಂದು ಮೂಲೆಗೆ ಸರಿಯುತ್ತಿದ್ದರು. ನಾನೂ ಅದೇ ಮೂಲೆಗೆ ಸರಿದೆ.

ಆ ಮನೆಯಿಂದ ಎಲ್ಲರ ಕಣ್ಣೆದುರೇ ಹೊರಟವಳು ನಾನು. ಅವತ್ತು ಭಾನುವಾರ, ಬೀದಿಗೆಲ್ಲ ರಜೆ.