ಟವಲಿನ ಕೆಳಗಿನ ಬೆಲೆ

ಸೊಣ್ಣಪ್ಪ ಟವಲಿನ ಕೆಳಗೆ ಕೈ ಹಿಡಿದದ್ದೇ ತಡ, ಅನುಸೂಯ ಕಿಸಕ್ಕನೆ ನಕ್ಕುಬಿಟ್ಟಳು.

“ಯಾಕಮ್ಮಾ, ನಗ್ತೀಯಾ? ಕಮ್ಮಿ ಆಯ್ತಾ?” ಸೊಣ್ಣಪ್ಪ ಹುಬ್ಬು ಗಂಟಿಕ್ಕಿದ.

ಪಾಪ, ಅವಳು ಬೆಲೆಗೆ ನಕ್ಕಿರಲಿಲ್ಲ. ಕಚಗುಳಿಯಾಗಿತ್ತು, ಅಷ್ಟೇ!

ಆ ಕಾಲದಲ್ಲಿ ದೊಡ್ಡಬಳ್ಳಾಪುರದ ಸಂತೆಗೆ ಬರುತ್ತಿದ್ದ ಸೊಣ್ಣಪ್ಪ ಬಾಳೆಗೊನೆಯ ವ್ಯಾಪಾರವನ್ನು ಬಾಯಿಂದ ಮಾಡುತ್ತಿರಲಿಲ್ಲ. ಮಾರುವವರ ಕೈ ಹಿಡಿದು ಮೇಲೆ ಟವಲು ಮುಚ್ಚುತ್ತಿದ್ದ. ಒಂದು ಬೆರಳು ಹಿಡಿದರೆ ಗೊನೆಗೆ ಒಂದಾಣೆ, ಇಡೀ ಕೈ ಹಿಡಿದರೆ ಐದಾಣೆ. ಪಕ್ಕದವರಿಗೆ ಬೆಲೆಯ ಗುಟ್ಟು ಗೊತ್ತಾಗಬಾರದಲ್ಲ, ಅದಕ್ಕೆ ಈ ಉಪಾಯ.

ಹೆಂಗಸರು ಹಾಗೆಲ್ಲ ಟವಲಿನ ಕೆಳಗೆ ಕೈ ಹಾಕುವುದುಂಟೇ? ಅನುಸೂಯಳ ಅಪ್ಪನೋ ಬೆಂಗಳೂರಿನ ಮಿಲ್ಲಿನಲ್ಲಿದ್ದ, ಹಬ್ಬಕ್ಕಷ್ಟೇ ಊರಿಗೆ ಬರುತ್ತಿದ್ದ. ಹಾಗಾಗಿ ಅಜ್ಜಿ ಮುನಿವೆಂಕಟಮ್ಮನ ಗೊನೆಗಳನ್ನು ಪಕ್ಕದ ಮನೆಯ ಅಪ್ಪಯ್ಯಣ್ಣನೇ ತನ್ನವುಗಳ ಜೊತೆ ಮಾರಿಕೊಂಡು ಬರುತ್ತಿದ್ದ. ಯಾವಾಗ ಹೋದರೂ ಗೊನೆಗೆ ಎಂಟಾಣೆ. ಅವನು ಆಚೆ ಹೋದ ಕೂಡಲೇ ಅಜ್ಜಿ ಶುರು ಮಾಡುತ್ತಿದ್ದಳು.

“ಕಳ್ಳ ಕಣೇ ಅವ್ನು! ಹತ್ತಾಣೆಗೆ ಮಾರಿ, ಎರಡಾಣೆ ಜೇಬಿಗೆ ಇಳಿಸಿರ್ತಾನೆ.”

ಈ ಸಲ ಅಜ್ಜಿ ಒಂದು ತೀರ್ಮಾನಕ್ಕೆ ಬಂದಿದ್ದಳು. “ನೀನೇ ಹೋಗು ಅನ್ಸೂಯಿ. ನಾಲ್ಕನೇ ಕ್ಲಾಸು ಓದ್ತಿದ್ದೀಯ, ಲೆಕ್ಕ ಬರುತ್ತೆ. ಚಿಕ್ಕ ಹುಡುಗಿ ಕೈ ಹಿಡಿದ್ರೆ ಯಾರೂ ಏನೂ ಅನ್ನಲ್ಲ. ಹತ್ತಾಣೆಗೆ ಒಂದು ಕಾಸು ಕಮ್ಮಿ ಆದ್ರೂ ಕೊಡ್ಬೇಡ. ಅವನ ಬಂಡವಾಳ ಬಯಲಾಗ್ಲಿ!”

ತಮಾಷೆಯೆಂದರೆ, ಅಜ್ಜಿಯ ಐದು ಗೊನೆ ಸಂತೆಗೆ ಬಂದದ್ದು ಆ ‘ಕಳ್ಳ’ನ ಗಾಡಿಯಲ್ಲೇ. ಅನುಸೂಯ ಗಾಡಿಯ ಹಿಂಭಾಗದಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಸಂತೆಯಲ್ಲೂ ಅವನ ರಾಶಿಯಿಂದ ದೂರವೇ ತನ್ನ ಗೊನೆ ಇಳಿಸಿಕೊಂಡಿದ್ದಳು.

ಈಗ ಸೊಣ್ಣಪ್ಪ ನಾಲ್ಕು ಬೆರಳು ಹಿಡಿದ. “ಹ್ಹಿಹ್ಹಿ!” ಅಂದಳು ಅನುಸೂಯ.

“ಏನಮ್ಮಾ ನೀನು! ಯುದ್ಧದ ಕಾಲ ಕಣಮ್ಮ ಇದು. ಪೆಟ್ರೋಲಿಲ್ದೆ ಬಸ್ಸು ಇದ್ದಿಲು ತಿಂದ್ಕೊಂಡು ಕೆಮ್ತಾ ಹೋಗ್ತಿದೆ. ಬೆಂಗಳೂರಿಗೆ ಇದನ್ನ ನಾನು ತಲೆ ಮೇಲೆ ಹೊತ್ಕೊಂಡು ಹೋಗ್ಲಾ?” ಎನ್ನುತ್ತಾ ಇಡೀ ಕೈ ಹಿಡಿದ. ಐದಾಣೆ!

ಅನುಸೂಯ ತುಟಿ ಕಚ್ಚಿಕೊಂಡಳು, ಕಣ್ಣು ಮುಚ್ಚಿಕೊಂಡಳು. ಊಹೂಂ, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಸುತ್ತ ನಿಂತ ಜನರಿಗೂ ನಗು ಹತ್ತಿತು.

“ಭಲೇ ಹುಡುಗಿ! ಸೊಣ್ಣಪ್ಪನ ಬೆಲೇಗೆ ನಗ್ತಾಳಲ್ಲಪ್ಪೋ!” ಅಂದರು ಯಾರೋ.

ಸೊಣ್ಣಪ್ಪನಿಗೆ ಅವಮಾನವಾಯಿತು. ಕೈ ಹಿಡಿದು, ಅದರ ಮೇಲೆ ಇನ್ನೊಂದು ಬೆರಳು ಹಿಡಿದ. ಆರಾಣೆ. ಅನುಸೂಯ ಮತ್ತೆ ಕಿಸಕ್ಕೆಂದಾಗ ಟವಲನ್ನೇ ಕಿತ್ತು ಹೆಗಲಿಗೆ ಹಾಕಿಕೊಂಡ.

“ಸಾಕು! ಆರಾಣೆ ಮೇಲೆ ಒಂದು ಕಾಸು ಕೊಡಲ್ಲ. ಗೊನೆನಾ ಇವು? ಒಂದೊಂದು ಕಾಯೂ ನನ್ನ ಕಿರುಬೆರಳಷ್ಟಿದೆ!”

ಅನುಸೂಯಳ ನಗು ನಿಂತುಹೋಯಿತು. ಆರಾಣೆಯೇ? ಕಳ್ಳ ಕೂಡ ಎಂಟಾಣೆ ತರುತ್ತಿದ್ದನಲ್ಲ! ತನ್ನ ಗೊನೆಗಳನ್ನು ನೋಡಿದಳು. ಆಮೇಲೆ ಆಚೆ ಇದ್ದ ಅಪ್ಪಯ್ಯಣ್ಣನ ಗೊನೆಗಳನ್ನು ನೋಡಿದಳು. ಅವು ತುಂಬಿಕೊಂಡು ದಪ್ಪಗಿದ್ದವು. ಅಜ್ಜಿಯವು ಬಡಕಲು. ಅವಳ ಕಣ್ಣಲ್ಲಿ ನೀರು ಬಂತು.

ಅಪ್ಪಯ್ಯಣ್ಣ ಬೀಡಿ ಎಸೆದು ಎದ್ದು ಬಂದ. ಅವಳ ಗೊನೆಗಳನ್ನು ಎತ್ತಿಕೊಂಡು ಹೋಗಿ ತನ್ನ ಹತ್ತು ಗೊನೆಗಳ ಜೊತೆ ಇಟ್ಟ.

ಸೊಣ್ಣಪ್ಪ ಹೌಹಾರಿದ. “ಲೋ ಅಪ್ಪಯ್ಯ! ಮತ್ತೆ ಶುರು ಮಾಡಿದ್ಯಾ? ನಿನ್ನ ಹತ್ತು ಗೊನೆ ಮಾತ್ರ ಆದ್ರೆ ಒಂದೊಂದಕ್ಕೆ ಹತ್ತಾಣೆ ಎಣಿಸ್ತೀನಿ ಅಂತ ಎಷ್ಟು ಸಲ ಹೇಳ್ಲೋ? ಈ ಬಡಕಲು ಸೇರಿಸಿದ್ರೆ ಎಲ್ಲಕ್ಕೂ ಎಂಟೇ!”

ಸಿಟ್ಟಿನಲ್ಲಿ ಟವಲಿನ ಗುಟ್ಟೆಲ್ಲ ಬಾಯಿಂದ ಬಿದ್ದುಹೋಗಿತ್ತು. ಸಂತೆಗೆ ಸಂತೆಯೇ ಕೇಳಿಸಿಕೊಂಡಿತು.

“ಎಂಟೇ ಕೊಡಯ್ಯ. ಬೇರೆಬೇರೆ ರಾಶಿ ಹಾಕಿ ಚೌಕಾಸಿ ಮಾಡೋಕೆ ನನಗೆ ಬೇಜಾರು,” ಅಂದ ಅಪ್ಪಯ್ಯಣ್ಣ ಆಕಳಿಸುತ್ತಾ.

ಗೊನೆಗೆ ಎರಡಾಣೆ ನಷ್ಟ. ಹತ್ತು ಗೊನೆಗೆ ಇಪ್ಪತ್ತಾಣೆ. ಶಾಲೆಯಲ್ಲಿ ಮೇಷ್ಟ್ರು ಕಿವಿ ಹಿಂಡಿದರೂ ಬಾರದ ಲೆಕ್ಕ ಅನುಸೂಯಳಿಗೆ ಅಲ್ಲಿ ನಿಂತ ನಿಲುವಿನಲ್ಲೇ ಬಂತು. ಕೈ ಹಿಡಿದದ್ದು ಸೊಣ್ಣಪ್ಪನಾದರೂ ನಾಚಿಕೆಯಾದದ್ದು ಅಪ್ಪಯ್ಯಣ್ಣನ ಮುಖ ನೋಡಿ.

ವಾಪಸು ಬರುವಾಗ ಅವಳು ಗಾಡಿಯ ಮುಂದೆ ಅವನ ಪಕ್ಕ ಕೂತಳು.

“ಮಾವ, ನಷ್ಟ ಮಾಡ್ಕೊಂಡು ಯಾಕೆ ಸೇರಿಸ್ತೀರಾ?”

“ನನ್ನ ತೋಟಕ್ಕೆ ಮೊದಲ ಬಾಳೆಕಂದು ಕೊಟ್ಟೋಳೇ ನಿಮ್ಮಜ್ಜಿ ಕಣಮ್ಮ. ಇಪ್ಪತ್ತು ಕಂದು, ಒಂದು ಕಾಸು ಇಸ್ಕೊಳ್ಳಲಿಲ್ಲ.” ಅಪ್ಪಯ್ಯಣ್ಣ ಎತ್ತಿನ ಬಾಲ ಮುಟ್ಟಿದ. “ಈಗ ಆ ಯಮ್ಮ ಒಂದೊಂದು ಬುಡದಲ್ಲಿ ಏಳೆಂಟು ಕಂದು ಬಿಟ್ಕೊಂಡಿದ್ದಾಳೆ. ಸಾರವೆಲ್ಲ ಅವೇ ಹೀರಿದ್ರೆ ಗೊನೆ ಎಲ್ಲಿಂದ ದಪ್ಪ ಆಗುತ್ತೆ? ಕೀಳು ಅಂದ್ರೆ, ಮಕ್ಕಳನ್ನ ಯಾರಾದ್ರೂ ಕಿತ್ತೆಸೀತಾರೇನೋ ಅಂತ ನನಗೇ ಬಯ್ತಾಳೆ.”

“ಅಜ್ಜಿಗೆ ಎಲ್ಲಾ ಹೇಳ್ತೀನಿ!”

“ಅಯ್ಯೋ, ಬೇಡ್ವೇ! ಗೊತ್ತಾದ್ರೆ ಹಠಕ್ಕೆ ಬಿದ್ದು ಗೊನೆ ಗಿಡದಲ್ಲೇ ಕೊಳೆಸ್ತಾಳೆ. ಬೈಸ್ಕೊಳ್ಳೋದು ನನಗೇನು ಹೊಸದಾ? ಆಣೆ ಮಾಡು ನೋಡೋಣ.”

ಅನುಸೂಯ ಆಣೆ ಮಾಡಿದಳು.

ಮನೆಯಲ್ಲಿ ಅಜ್ಜಿ ಎರಡೂವರೆ ರೂಪಾಯಿಯನ್ನು ಮೂರು ಸಲ ಎಣಿಸಿದಳು. “ಮತ್ತೆ ಎಂಟಾಣೆನೇ! ಆ ಕಳ್ಳ ಮೊದಲೇ ಸೊಣ್ಣಪ್ಪನ ಕಿವಿ ಕಚ್ಚಿರ್ತಾನೆ ನೋಡು!”

ಅನುಸೂಯ ಬಾಯಿ ತೆರೆದಳು. ಆಣೆ ನೆನಪಾಗಿ ಮುಚ್ಚಿದಳು. ಮೂಲೆಯಲ್ಲಿದ್ದ ಗುದ್ದಲಿ ತೆಗೆದುಕೊಂಡು ಸೀದಾ ಹಿತ್ತಲಿಗೆ ಹೋದಳು.

ಸ್ವಲ್ಪ ಹೊತ್ತಿಗೆ ಅಜ್ಜಿಯ ಕೂಗು ಬೀದಿಗೆಲ್ಲ ಕೇಳಿಸಿತು. “ಅಯ್ಯಯ್ಯೋ! ಎಳೇ ಕಂದು ಕಣೇ! ಯಾಕೆ ಕೀಳ್ತೀಯೇ?”

“ಬುಡಕ್ಕೆ ಒಂದೇ ಸಾಕಂತೆ ಅಜ್ಜಿ. ಗೊನೆ ದಪ್ಪ ಆಗುತ್ತೆ.”

“ಯಾರು ಹೇಳಿದ್ದು? ಆ ಕಳ್ಳ ತಾನೇ?”

ಅನುಸೂಯ ಲಂಗ ಎತ್ತಿ ಸಿಕ್ಕಿಸಿಕೊಂಡು ಮುಂದಿನ ಬುಡಕ್ಕೆ ಹೋದಳು.

“ಕಳ್ಳ ಅಲ್ಲ ಅಜ್ಜಿ, ಅಪ್ಪಯ್ಯಣ್ಣ ಮಾವ ಹೇಳಿದ್ದು,” ಅಂದಳು.