ಹುಣಸೆಹಣ್ಣಿನಲ್ಲಿ ತೊಳೆದ ಪೆನ್‌ಡ್ರೈವ್

"ಅಣ್ಣಾ! ಬ್ಲಾಗ್ ಬೆಳ್ಳಗಾಗೈತಿ!"

ಹೇಮಾ ಕೂಗಿದ ರಭಸಕ್ಕೆ ಕಟ್ಟೆಯ ಮೇಲೆ ಮಲಗಿದ್ದ ಬೆಕ್ಕು ಕೆಳಕ್ಕೆ ಹಾರಿತು. ಅಂಗಳದಲ್ಲಿ ಅಪ್ಪನ ಬೈಕಿಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದ ಗಿರೀಶ, ಹಾರವನ್ನು ಕೊರಳಿಗೆ ಹಾಕಿಕೊಂಡೇ ಒಳಗೆ ಓಡಿ ಬಂದ.

ಲ್ಯಾಪ್‌ಟಾಪಿನ ಪರದೆಯ ಮೇಲೆ 'ನೀರುನಾಯಿ ಡೈರಿ' ಎಂಬ ಹೆಸರೊಂದು ಬಿಟ್ಟರೆ ಏನೂ ಇರಲಿಲ್ಲ. ಫೋಟೊ ಇಲ್ಲ, ಬರಹ ಇಲ್ಲ. ಸುಣ್ಣ ಬಳಿದ ಗೋಡೆಯಂತೆ ಪೂರ್ತಿ ಖಾಲಿ.

"ಏನ್ ಒತ್ತಿದಿ?"

"ಹೊಸ ಪ್ಲಗಿನ್ ಹಾಕ್ದೆ. ಕ್ಲೀನ್ ಮಾಡೋ ಪ್ಲಗಿನ್."

ಅವತ್ತು ಆಯುಧಪೂಜೆ. ಕಮಲಾಪುರದ ಆ ಓಣಿಯಲ್ಲಿ ತೊಳೆಯದೆ ಉಳಿದ ವಸ್ತುವೇ ಇರಲಿಲ್ಲ. ಅಮ್ಮ ಗೋಡೆ ಒರೆಸಿದ್ದಳು. ಅಪ್ಪ ಬಾಳೆತೋಟದ ಗುದ್ದಲಿ, ಕುಡುಗೋಲು, ಪಂಪಿನ ಮೋಟಾರು ಎಲ್ಲಕ್ಕೂ ಮೈ ತಿಕ್ಕಿದ್ದ. ಎಲ್ಲರೂ ಕ್ಲೀನ್ ಮಾಡುವಾಗ ತಾನೊಬ್ಬಳು ಸುಮ್ಮನಿರುವುದೇ ಅಂತ ಹೇಮಾ ತನ್ನ ಬ್ಲಾಗನ್ನು ಸ್ವಚ್ಛ ಮಾಡಲು ಕೂತಿದ್ದಳು.

ಪ್ಲಗಿನ್ ಅಂದರೆ ಬ್ಲಾಗಿಗೆ ಸೇರಿಸುವ ಪುಟ್ಟ ಉಪಕರಣ. ಒಂದು ಫೋಟೊಗಳನ್ನು ಸಾಲಾಗಿ ಜೋಡಿಸುತ್ತದೆ. ಇನ್ನೊಂದು ಎಷ್ಟು ಜನ ಓದಿದರು ಅಂತ ಎಣಿಸುತ್ತದೆ. ಹೇಮಾಳ ಬ್ಲಾಗಿನಲ್ಲಿ ಅಂಥವು ಒಂಬತ್ತಿದ್ದವು. ಹತ್ತನೆಯದು ಈ ಕ್ಲೀನ್ ಮಾಡುವ ಪ್ಲಗಿನ್. ಅದು ಪಾಪ, ಕೇಳಿಯೇ ಕೇಳಿತ್ತು: 'ಎಲ್ಲ ಹಳೆಯದನ್ನೂ ತೆಗೆಯಲೇ? ಬ್ಯಾಕಪ್ ಇದೆಯೇ?' ಹೇಮಾ ಪೂರ್ತಿ ಓದದೆ 'ಹೌದು', 'ಹೌದು' ಅಂತ ಒತ್ತಿದ್ದಳು.

"ಬ್ಯಾಕಪ್ ಐತೇನು?" ಗಿರೀಶ ಕೇಳಿದ. ಹೊಸಪೇಟೆಯಲ್ಲಿ ಪಿಯುಸಿ ಓದುತ್ತಿದ್ದ ಅವನೇ ಅವಳಿಗೆ ಬ್ಲಾಗ್ ಮಾಡಿಕೊಟ್ಟವನು.

"ಐತಿ! ಪೆನ್‌ಡ್ರೈವ್‌ನಾಗ ಐತಿ. ಮೊನ್ನೆ ಭಾನುವಾರನ ಹಾಕೀನಿ," ಎಂದು ಹೇಮಾ ನಿಟ್ಟುಸಿರು ಬಿಟ್ಟಳು. ಇನ್ನೇನು ಚಿಂತೆ?

ಮೇಜಿನ ಡ್ರಾ ತೆಗೆದಳು. ಪೆನ್‌ಡ್ರೈವ್ ಇರಲಿಲ್ಲ.

ಅದು ದೇವರ ಮುಂದೆ ಇತ್ತು. ಕುಡುಗೋಲು, ಈಳಿಗೆಮಣೆ, ಕತ್ತರಿ, ಅವುಗಳ ಪಕ್ಕದಲ್ಲಿ ಪೆನ್‌ಡ್ರೈವ್. ಫಳಫಳ ಹೊಳೆಯುತ್ತಿತ್ತು. ಮೂರು ಬೆರಳಿನ ವಿಭೂತಿ, ಮೇಲೊಂದು ಕುಂಕುಮ, ತಲೆಗೊಂದು ಹೂವು.

"ಅಜ್ಜಿ, ಇದನ್ನ ಏನ್ ಮಾಡ್ದಿ?"

ರೇಣುಕಮ್ಮಜ್ಜಿಯ ಮುಖ ಅರಳಿತು. "ನಿನ್ನ ಆಯುಧ ಅಲ್ಲೇನವ್ವ ಅದು? ಹುಣಸೆಹಣ್ಣು ಹಚ್ಚಿ, ನಾರಿನಾಗ ತಿಕ್ಕಿ ತೊಳದೀನಿ. ತಂಬಿಗಿಗಿಂತ ಬೆಳ್ಳಗಾಗೈತಿ ನೋಡು! ಲ್ಯಾಪ್‌ಟಾಪೂ ತೊಳಿಯೋದಿತ್ತು. ನಿಮ್ಮಣ್ಣ ಬ್ಯಾಡ ಅಂದ."

ಹೇಮಾ ಪೆನ್‌ಡ್ರೈವನ್ನು ಕಸಿದುಕೊಂಡಳು. ತುದಿಯಿಂದ ಒಂದು ಹನಿ ಹುಳಿನೀರು ಅವಳ ಅಂಗೈಗೆ ಬಿತ್ತು. ಲಂಗಕ್ಕೆ ಒರೆಸಿ, ಓಡಿ ಹೋಗಿ ಲ್ಯಾಪ್‌ಟಾಪಿಗೆ ಚುಚ್ಚಿದಳು. ಚಿಟ್ ಅಂತ ಸದ್ದಾಯಿತು. ಪೆನ್‌ಡ್ರೈವ್ ಬಿಸಿಯಾಯಿತು. ಆಮೇಲೆ ಎಷ್ಟು ಸಲ ಚುಚ್ಚಿದರೂ ಅದು ಮಾತಾಡಲಿಲ್ಲ.

"ಎಲ್ಲಾ ನಿನ್ನಿಂದ!" ಹೇಮಾ ಅಜ್ಜಿಯ ಮೇಲೆ ಕಿರುಚಿದಳು. "ಒಂದು ವರ್ಷದ್ದು ಹೋತು! ನನ್ನ ಸಾಮಾನು ಯಾಕ್ ಮುಟ್ತಿ ನೀನು?"

ಅಜ್ಜಿಯ ಕೈಯಲ್ಲಿದ್ದ ಹೂವಿನ ಬುಟ್ಟಿ ಹಾಗೇ ನಿಂತಿತು.

ಹೋದ ದಸರೆಯಿಂದ ಈ ದಸರೆಗೆ ಐವತ್ತೆರಡು ಭಾನುವಾರ. ಪ್ರತಿ ಭಾನುವಾರ ಅಪ್ಪ ಜಂಬಯ್ಯನ ಜತೆ ಹೊಳೆದಂಡೆಯ ಬಾಳೆತೋಟಕ್ಕೆ ಹೋಗಿ, ಬಂಡೆಯ ಮೇಲೆ ಸದ್ದಿಲ್ಲದೆ ಕೂತು ಹೇಮಾ ನೀರುನಾಯಿಗಳನ್ನು ಎಣಿಸಿದ್ದಳು. ಜ್ವರ ಬಂದ ವಾರವೂ ಬಿಟ್ಟಿರಲಿಲ್ಲ. ಮೂಗಿನ ಮೇಲೆ ಬಿಳಿ ಮಚ್ಚೆ ಇದ್ದ ನೀರುನಾಯಿಗೆ ಚುಕ್ಕಿ ಅಂತ ಹೆಸರಿಟ್ಟಿದ್ದಳು. ಚುಕ್ಕಿ ಮೀನನ್ನು ತಲೆಯಿಂದ ತಿನ್ನಲು ಶುರು ಮಾಡುತ್ತದೆ ಅಂತ ಬರೆದಿದ್ದಳು. ಚಳಿಗಾಲದಲ್ಲಿ ಅದಕ್ಕೆ ಮರಿಗಳಾದದ್ದನ್ನು ಊರಲ್ಲಿ ಮೊದಲು ನೋಡಿದವಳೂ ಇವಳೇ. ಬೇರೆ ಯಾರ ಹತ್ತಿರವೂ ಆ ಲೆಕ್ಕ ಇರಲಿಲ್ಲ.

ಮಧ್ಯಾಹ್ನ ಗಿರೀಶ ಪೆನ್‌ಡ್ರೈವನ್ನು ಬಿಚ್ಚಿ ನೋಡಿದ. ಒಳಗೆ ಕಪ್ಪಗೆ ಸುಟ್ಟಿತ್ತು.

"ಅಜ್ಜಿ ತೊಳೆದದ್ದಕ್ಕ ಸತ್ತಿಲ್ಲ ಲೇ ಇದು," ಎಂದ ಮೆಲ್ಲಗೆ. "ಎರಡು ದಿನ ಬಿಸಿಲಿಗೆ ಒಣಗಿಸಿದ್ರ ಬದುಕ್ತಿತ್ತೋ ಏನೋ. ಒದ್ದಿ ಇದ್ದಾಗ ಚುಚ್ಚಿದವರು ಯಾರು?"

ಹೇಮಾ ತಿರುಗಿ ನೋಡಿದಳು. ಅಜ್ಜಿ ಅಡುಗೆಮನೆಯಲ್ಲಿದ್ದಳು. ಅಜ್ಜಿಗೆ ಈ ಮಾತು ಕೇಳಿಸಿರಲಿಲ್ಲ. ಕೇಳಿಸದಿದ್ದದ್ದು ಒಳ್ಳೆಯದೇ ಆಯಿತು ಅಂತ ಹೇಮಾಗೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಹೊತ್ತು ಇಳಿಯಿತು. ನೈವೇದ್ಯದ ಮೊಸರನ್ನಕ್ಕೆ ಮನೆಯ ಮೊಸರೆಲ್ಲ ಖರ್ಚಾಗಿ, ನಾಳೆಗೆ ಹೆಪ್ಪು ಹಾಕಲೂ ಒಂದು ಚಮಚ ಉಳಿದಿರಲಿಲ್ಲ.

"ಯವ್ವಾ," ಅಜ್ಜಿ ಬಾಗಿಲಲ್ಲೇ ನಿಂತು ಕರೆದಳು. ಒಳಗೆ ಬರಲಿಲ್ಲ. "ಹಂಪಮ್ಮನ ಮನ್ಯಾಗ ಒಂದೀಟು ಹೆಪ್ಪು ಇಸ್ಕೊಂಡ್ ಬರ್ತೀಯೇನು? ದೀಪ ಹಚ್ಚೋದ್ರೊಳಗ ಹೋಗಬೇಕು. ಆಮ್ಯಾಲ ಯಾರೂ ಕೊಡಂಗಿಲ್ಲ."

ಹೇಮಾ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದಳು. ಹಂಪಮ್ಮ ಗಡಿಗೆಯಿಂದ ಎರಡು ಚಮಚ ಮೊಸರು ಹಾಕಿ ನಕ್ಕಳು.

"ಇದು ನಿಮ್ಮ ಮನಿ ಹೆಪ್ಪೇ ಬಿಡವ್ವ. ಶ್ರಾವಣದಾಗ ನಮ್ಮ ಮೊಸರು ಕೆಟ್ಟು ಎಳಿ ಬಂದಿತ್ತು. ಆಗ ನಿಮ್ಮಜ್ಜಿನ ಕೊಟ್ಟಿದ್ಲು. ನಿಮ್ದು ನಿಮಗ ವಾಪಸ್ ಹೊಂಟೈತಿ."

ಹೇಮಾ ಐದು ಹೆಜ್ಜೆ ನಡೆದು ಓಣಿಯ ನಡುವೆ ನಿಂತುಬಿಟ್ಟಳು.

ನಮ್ಮ ಮನೆಯದು ಖಾಲಿಯಾದರೂ ಕೊಟ್ಟ ಮನೆಯಲ್ಲಿ ಇದೆ. ಹಾಗಾದರೆ ನಾನು ಯಾರಿಗೆ ಕೊಟ್ಟಿದ್ದೆ?

ಬಟ್ಟಲಿನ ಮೊಸರು ತುಳುಕುವಂತೆ ಅವಳು ಮನೆಗೆ ಓಡಿದಳು. "ಅಣ್ಣಾ! ತಿಪ್ಪೇಶ್ ಮಾಮ!"

ತಿಪ್ಪೇಶ್ ಮಾಮ ಅಮ್ಮನ ತಮ್ಮ. ಸಂಡೂರಿನಲ್ಲಿ ಅದಿರಿನ ಲಾರಿಗಳನ್ನು ತೂಕ ಮಾಡುವ ಕಡೆ ಕೆಲಸ. ಅಲ್ಲಿ ನೆಟ್ ಸರಿಯಾಗಿ ಸಿಗದೆ ಬ್ಲಾಗ್ ಓಪನ್ ಆಗುತ್ತಿರಲಿಲ್ಲ. "ನನಗ ವಾಟ್ಸಾಪ್ ಮಾಡವ್ವ, ಲಾರಿ ಬರೋದ್ರೊಳಗ ಓದ್ತೀನಿ," ಅಂದಿದ್ದ. ಅದಕ್ಕೇ ಹೇಮಾ ಬರೆದದ್ದನ್ನೂ ಫೋಟೊಗಳನ್ನೂ ಅಮ್ಮನ ಫೋನಿಂದ ಅವನಿಗೆ ಕಳಿಸುತ್ತಿದ್ದಳು. ಅಮ್ಮನ ಆ ಹಳೆಯ ಫೋನು ಈಗಿಲ್ಲ, ಕೆಟ್ಟು ಹೋಗಿತ್ತು. ಆದರೆ ಮಾಮ ಮಾತ್ರ ಜೀವಮಾನದಲ್ಲಿ ಏನನ್ನೂ ಡಿಲೀಟ್ ಮಾಡಿದವನಲ್ಲ. ಅವನ ಫೋನು ಯಾವಾಗಲೂ ಫುಲ್. ಒಂದು ಫೋಟೊ ತೆಗೆಯಲೂ ಅದರಲ್ಲಿ ಜಾಗ ಇರುತ್ತಿರಲಿಲ್ಲ. ಅದಕ್ಕಾಗಿ ಮಾಮಿ ದಿನಾ ಬೈಯುತ್ತಿದ್ದಳು.

"ಒಂದು ವರ್ಷದ ಚಾಟ್ ಲೇ ಅದು," ಗಿರೀಶ ತಲೆ ಕೆರೆದುಕೊಂಡ. "ಅಮ್ಮ ಕಳ್ಸಿದ ಗುಡ್ ಮಾರ್ನಿಂಗ್‌ಗಳೇ ಸಾವಿರ ಇರ್ತಾವ. ಅದ್ರಾಗ ಹುಡುಕೋದು ಯಾರು?"

"ನಾನು," ಎಂದಳು ಹೇಮಾ.

ವಿಜಯದಶಮಿಯ ಮರುದಿನ ಅಮ್ಮ ತಮ್ಮನಿಗೆ ಬನ್ನಿ ಕೊಡಲು ಸಂಡೂರಿಗೆ ಹೊರಟಳು. ಹೇಮಾ ಅಣ್ಣನ ಫೋನು, ಚಾರ್ಜರು, ಒಂದು ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಜತೆಗೆ ಬಸ್ ಹತ್ತಿದಳು. ಹೊಸಪೇಟೆಯಲ್ಲಿ ಬಸ್ ಬದಲಿಸಿ, ಘಾಟು ಹತ್ತಿ, ಕೆಂಪು ಧೂಳಿನ ರಸ್ತೆಗೆ ಬಂದಾಗ ಅವಳ ಬಿಳಿ ರಿಬ್ಬನ್ ಕೂಡ ಕೆಂಪಾಗಿತ್ತು.

"ಬನ್ನಿ ತಗೊಂಡು ಬಂಗಾರದಂಗ ಇರೋಣು," ಎನ್ನುತ್ತಾ ಮಾಮ ಬನ್ನಿ ಎಲೆ ಕೊಟ್ಟ. ಹೇಮಾ ಎಲೆ ತೆಗೆದುಕೊಂಡು, ಕಾಲು ಮುಟ್ಟಿ, ಎದ್ದವಳೇ ಕೈ ಚಾಚಿದಳು.

"ಮಾಮ, ಫೋನ್ ಕೊಡ್ರಿ."

ಕೋಣೆಯ ಮೂಲೆಯಲ್ಲಿ ಕೂತು ಚಾಟನ್ನು ಮೇಲಕ್ಕೆ ಎಳೆಯತೊಡಗಿದಳು. ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ಗಿಳಿಯ ಗುಡ್ ಮಾರ್ನಿಂಗ್. ಚಹಾ ಕಪ್ಪಿನ ಶುಭ ಸೋಮವಾರ. ನಡುವೆ ಎಲ್ಲೋ ಒಂದು ನೀರುನಾಯಿ. ಸಿಕ್ಕಿದ್ದನ್ನು ಅಣ್ಣನ ಫೋನಿಗೆ ಕಳಿಸುವುದು, ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯುವುದು. ಮತ್ತೆ ಗುಲಾಬಿ, ಮತ್ತೆ ಗಿಳಿ.

ನೆಟ್ ಹೋಯಿತು. ಹೇಮಾ ಮಾಳಿಗೆ ಹತ್ತಿದಳು. ಬಿಸಿಲಿಗೆ ಪರದೆ ಕಾಣಲಿಲ್ಲ. ಮಾಮಿಯ ಒಣಹಾಕಿದ ಸೀರೆಯೊಳಗೆ ತಲೆ ತೂರಿಸಿ ಕೂತಳು. ಊಟಕ್ಕೆ ಕರೆದರು. "ಇನ್ನೊಂದು ವಾರ," ಎಂದಳು. ಮತ್ತೆ ಕರೆದರು. "ಇನ್ನೊಂದೇ ವಾರ," ಎಂದಳು. ಕಡೆಗೆ ಮಾಮಿಯೇ ಮೇಲೆ ಬಂದು ಹೋಳಿಗೆಯ ತುಂಡನ್ನು ಅವಳ ಬಾಯಿಗೆ ಹಾಕಿ ಹೋದಳು.

"ಅಷ್ಟೂ ಇವತ್ತೇ ಬೇಕೇನವ್ವ?" ಮಾಮ ಕೇಳಿದ.

"ಇವತ್ತೇ ಬೇಕು ಮಾಮ."

ಸಂಜೆಯ ಬಸ್ಸಿನ ಹೊತ್ತಿಗೆ ಹೋದ ದಸರೆ ಸಿಕ್ಕಿತು. ಮೊದಲನೆಯ ಬರಹ: 'ಇವತ್ತು ಹೊಳೆಯಲ್ಲಿ ಒಂದು ಬೆಕ್ಕಿನಂಥ ನಾಯಿ ನೋಡಿದೆ.' ಹೇಮಾ ಅದನ್ನು ಓದಿ ನಕ್ಕಳು. ಗೆರೆಗಳನ್ನು ಎಣಿಸಿದಳು. ನಲವತ್ತೆಂಟು.

"ನೋಡ್ದೇನು?" ಮಾಮ ಹೆಂಡತಿಯ ಕಡೆ ತಿರುಗಿ ಎದೆ ಉಬ್ಬಿಸಿದ. "ಡಿಲೀಟ್ ಮಾಡ್ರಿ, ಡಿಲೀಟ್ ಮಾಡ್ರಿ ಅಂತಿದ್ದಿಯಲ್ಲ!"

ಆಮೇಲಿನ ನಾಲ್ಕು ದಿನ ರಜೆ ಹೋದದ್ದೇ ಹೇಮಾಗೆ ತಿಳಿಯಲಿಲ್ಲ. ಒಂದೊಂದೇ ಬರಹ, ಒಂದೊಂದೇ ಫೋಟೊ, ಸರಿಯಾದ ತಾರೀಖಿಗೆ ಏರಿಸಿದಳು. ಹತ್ತು ಪ್ಲಗಿನ್‌ಗಳಲ್ಲಿ ಬೇಕಾದ ಮೂರನ್ನಷ್ಟೇ ಇಟ್ಟುಕೊಂಡಳು. ನಾಲ್ಕನೆಯದಾಗಿ, ಪ್ರತಿ ಭಾನುವಾರ ತಾನಾಗಿ ಬ್ಯಾಕಪ್ ತೆಗೆದು ಅಣ್ಣನ ಮೇಲ್‌ಗೆ ಕಳಿಸುವುದನ್ನು ಹಾಕಿದಳು. ಪರದೆ ಏನಾದರೂ ಕೇಳಿದರೆ, ಬೆರಳಿಟ್ಟು ಕೊನೆಯ ಅಕ್ಷರದವರೆಗೆ ಓದಿಯೇ ಒತ್ತುತ್ತಿದ್ದಳು.

ಈ ನಾಲ್ಕೂ ದಿನ ಅಜ್ಜಿ ಮೇಜಿನ ಹತ್ತಿರ ಸುಳಿಯಲಿಲ್ಲ. ಕಸ ಗುಡಿಸುವಾಗ ಮೇಜಿನ ಕೆಳಗಷ್ಟು ಜಾಗ ಬಿಟ್ಟು ಗುಡಿಸಿದಳು. ಒಂದು ಸಲ ಹೇಮಾಳ ಪೆನ್ನು ನೆಲಕ್ಕೆ ಬಿದ್ದಿತ್ತು. "ಹೇಮಿ, ಇದನ್ನ ಎತ್ತಿ ಇಡ್ಲೇನವ್ವ?" ಅಂತ ಕೇಳಿದಳು. ಬರೀ ಒಂದು ಪೆನ್ನಿಗೆ! ಹೇಮಾಗೆ ಅಳು ಬಂತು. ತಲೆ ತಗ್ಗಿಸಿ ಟೈಪ್ ಮಾಡಿದಳು.

ಕೊನೆಗೆ ನಾಲ್ಕು ವಾರ ಉಳಿದವು. ಅಮ್ಮನ ಹಳೆಯ ಫೋನು ರಿಪೇರಿಗೆ ಹೋಗಿದ್ದ ತಿಂಗಳು ಅದು. ಆಗ ಮಾಮನಿಗೆ ಏನನ್ನೂ ಕಳಿಸಿರಲಿಲ್ಲ. ಚುಕ್ಕಿಯ ಮರಿಗಳು ಮೊದಲ ಸಲ ನೀರಿಗಿಳಿದದ್ದು ಆ ತಿಂಗಳಲ್ಲೇ.

"ಮೂರು ಮರಿ ಅಂತ ಬರಿ, ಮುಗೀತು," ಗಿರೀಶ ಹೇಳಿದ. "ಮೊದ್ಲೂ ಮೂರು, ಆಮ್ಯಾಲೂ ಮೂರು. ನಡುವೆ ಎಷ್ಟಿದ್ವು ಅಂತ ನೀರುನಾಯಿ ಬಂದು ಕೇಳ್ತದೇನು?"

ಹೇಮಾ ಟೈಪ್ ಮಾಡಿದಳು: 'ಇವತ್ತು ಮೂರು ಮರಿ...'

ಬೆರಳು ನಿಂತಿತು. ಒಂದು ವಾರ ನಾಲ್ಕು ಕಂಡಿದ್ದವಲ್ಲವೇ? ಅಥವಾ ನಾಲ್ಕನೆಯದು ಬರೀ ಕಲ್ಲಿನ ನೆರಳೇ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬರೆದದ್ದನ್ನು ಅಳಿಸಿದಳು. ಆ ನಾಲ್ಕು ತಾರೀಖುಗಳ ಕೆಳಗೂ ಒಂದೇ ಮಾತು ಬರೆದಳು: 'ಈ ವಾರದ ಬರಹ ಕಳೆದುಹೋಗಿದೆ. ಕಳೆದದ್ದು ನನ್ನಿಂದ.'

ಬರೆದ ಮೇಲೆ ಅದನ್ನೇ ನೋಡುತ್ತಾ ಕೂತಳು. ಬ್ಲಾಗ್ ಓದುವ ಎಲ್ಲರಿಗೂ ಇದು ಗೊತ್ತಾಗುತ್ತದೆ. ಮನೆಯಲ್ಲಿ ಬ್ಲಾಗ್ ಓದಲು ಬಾರದವಳು ಒಬ್ಬಳೇ.

ಹೇಮಾ ಎದ್ದು ಅಡುಗೆಮನೆಗೆ ಹೋದಳು. ಅಜ್ಜಿ ಹಾಲಿಗೆ ಹೆಪ್ಪು ಹಾಕುತ್ತಿದ್ದಳು.

"ಅಜ್ಜಿ, ಪೆನ್‌ಡ್ರೈವ್ ನೀನು ತೊಳೆದಿದ್ದಕ್ಕ ಸುಟ್ಟಿದ್ದಲ್ಲ. ಒಣಗಿಸಿದ್ರ ಉಳೀತಿತ್ತೋ ಏನೋ. ನಾನ ಒದ್ದಿ ಇದ್ದಂಗ ಚುಚ್ಚಿದೆ. ಬ್ಲಾಗ್ ಅಳಿಸಿದ್ದೂ ನಾನ. ನನಗ ಅವತ್ತೇ ಗೊತ್ತಿತ್ತು. ಹೇಳ್ಲಿಲ್ಲ."

ಅಜ್ಜಿಯ ಚಮಚ ಹಾಲಿನೊಳಗೆ ನಿಂತಿತು.

"ಹಂಗಾದ್ರ ಹುಣಸೆಹಣ್ಣಿಂದು ತಪ್ಪಿಲ್ಲ?"

"ಇಲ್ಲ ಅಜ್ಜಿ."

"ಆರು ದಿನದಿಂದ ನಿದ್ದಿ ಇಲ್ಲ ನನಗ," ಎಂದಳು ಅಜ್ಜಿ. ಕಣ್ಣು ಒರೆಸಿಕೊಂಡಳು. "ಕೂಸಿನ ಒಂದು ವರ್ಷ ತೊಳೆದು ಮೋರಿಗೆ ಬಿಟ್ಟೆ ಅಂತ."

ಹೇಮಾ ಅಜ್ಜಿಯ ಸೊಂಟ ತಬ್ಬಿಕೊಂಡಳು. ಸೀರೆಯಿಂದ ಹಾಲಿನ ವಾಸನೆ ಬರುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಅಣ್ಣ ತಂದುಕೊಟ್ಟ, ಬ್ಲಾಗಿನ ಬ್ಯಾಕಪ್ ತುಂಬಿದ ಹೊಸ ಪೆನ್‌ಡ್ರೈವನ್ನು ಸಣ್ಣ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು ಹೊರಟಳು.

"ಎಲ್ಲಿಗವ್ವ?"

"ಹಂಪಮ್ಮನ ಮನಿಗೆ. ಒಂದು ಅವರ ಹತ್ರ ಇರ್ಲಿ."

"ಜಲ್ದಿ ಹೋಗು ಮತ್ತ, ದೀಪ ಹಚ್ಚೋ ಹೊತ್ತಾತು."

ಹಂಪಮ್ಮನಿಗೆ ಡಬ್ಬಿ ಕೊಟ್ಟು, ತೊಳೆಯಬಾರದು ಅಂತ ಮೂರು ಸಲ ಹೇಳಿ ಹೇಮಾ ವಾಪಸ್ ಬಂದಳು. ಮನೆಯಲ್ಲಿ ಅಜ್ಜಿ ಮೇಜಿನ ಮುಂದೆ ನಿಂತಿದ್ದಳು. ಸೆರಗಿನ ತುದಿಯಿಂದ ಹೇಮಾಳ ಚೀಲದಿಂದ ಲ್ಯಾಪ್‌ಟಾಪಿನ ಮೇಲೆ ಉದುರಿದ್ದ ಸಂಡೂರಿನ ಕೆಂಪು ಧೂಳನ್ನು ಗಸಗಸ ಒರೆಸುತ್ತಿದ್ದಳು. ಹೇಮಾ ಬಾಗಿಲಲ್ಲೇ ನಿಂತಳು. ಆಮೇಲೆ ಪಕ್ಕಕ್ಕೆ ಹೋಗಿ, ಅಜ್ಜಿಗೆ ಒರೆಸಲು ಅನುಕೂಲವಾಗಲೆಂದು ಲ್ಯಾಪ್‌ಟಾಪನ್ನು ಎತ್ತಿ ಹಿಡಿದುಕೊಂಡಳು.